ಸಾಮಾಜಿಕ ರಕ್ಷಣೆ: ಜಾಗತಿಕ ಬಡತನ ತಗ್ಗಿಸುವ ಮಾರ್ಗವಾಗಿ

ಸಾಮಾಜಿಕ ರಕ್ಷಣೆ ಎಂದರೆ ಕಾಯಿಲೆ, ಮುಪ್ಪು, ಹೆರಿಗೆ, ಅಂಗವೈಕಲ್ಯ, ನಿರುದ್ಯೋಗ, ದುಡಿಯುವವರ ಸಾವು, ಬರಗಾಲ ಮುಂತಾದ ಕಾರಣಗಳಿಂದ ಮನೆಯ ವರಮಾನ ನಿಂತಾಗ ಅಥವಾ ಸಾಲದೆ ಹೋದಾಗ ನಗದು, ಆಹಾರಧಾನ್ಯ, ಚಿಕಿತ್ಸೆ ಇಲ್ಲವೇ ಕೂಲಿ ಕೆಲಸದ ರೂಪದಲ್ಲಿ ಆಸರೆ ಒದಗಿಸಲು ಸರ್ಕಾರಗಳು ಕಾನೂನು ಮತ್ತು ನಿಯಮಗಳ ಬಲದಿಂದ ನಡೆಸುವ ವ್ಯವಸ್ಥೆ. ಕೊಡುವವರ ಮನಸ್ಸನ್ನು ಅವಲಂಬಿಸಿದ್ದು ದಾನ. ಸಾಮಾಜಿಕ ರಕ್ಷಣೆಯಲ್ಲಿ ಯಾರಿಗೆ, ಎಷ್ಟು, ಯಾವಾಗ ಸಿಗಬೇಕು ಎಂಬುದು ಮೊದಲೇ ಗೊತ್ತುಮಾಡಿರುತ್ತದೆ. ಸಿಗದಿದ್ದರೆ ಕೇಳಲು ಒಂದು ಬಾಗಿಲೂ ಇರಬೇಕಾಗುತ್ತದೆ.

ವ್ಯಾಖ್ಯೆ ಮತ್ತು ವ್ಯಾಪ್ತಿ

ಕಾರ್ಮಿಕರು, ಮಾಲೀಕರು ಮತ್ತು ಕೆಲವೆಡೆ ಸರ್ಕಾರವೂ ಸೇರಿ ಕಟ್ಟುವ ವಂತಿಗೆಯಿಂದ ನಡೆಯುವುದು ಸಾಮಾಜಿಕ ವಿಮೆ. ಭಾರತದ ಭವಿಷ್ಯ ನಿಧಿ ಮತ್ತು ನೌಕರರ ರಾಜ್ಯ ವಿಮೆಯಾದ ಇಎಸ್‌ಐ ಇದಕ್ಕೆ ಪರಿಚಿತ ಉದಾಹರಣೆಗಳು. ಪಡೆಯುವವರು ಏನನ್ನೂ ಕಟ್ಟದೆ, ತೆರಿಗೆ ಹಣದಿಂದ ಸಿಗುವುದು ಸಾಮಾಜಿಕ ನೆರವು. ವೃದ್ಧಾಪ್ಯ ವೇತನ, ಮಕ್ಕಳ ಭತ್ಯೆ, ಪಡಿತರ ಈ ಗುಂಪಿಗೆ ಸೇರುತ್ತವೆ. ದುಡಿಮೆಗೆ ನೇರವಾಗಿ ಕೈಹಾಕುವ ಉದ್ಯೋಗ ಖಾತರಿ ಮತ್ತು ತರಬೇತಿ ಯೋಜನೆಗಳು ಮೂರನೆಯ ಗುಂಪು. ಆಡಳಿತದ ಮಾತಿನಲ್ಲಿ ‘ಸಾಮಾಜಿಕ ಭದ್ರತೆ’ ಎಂಬ ಪದವೂ ಬಳಕೆಯಲ್ಲಿದ್ದು, ಅದು ಸಾಮಾನ್ಯವಾಗಿ ವಿಮೆ ಮತ್ತು ಪಿಂಚಣಿಗಳಿಗೆ ಸೀಮಿತವಾಗಿರುತ್ತದೆ. ಈ ಲೇಖನದಲ್ಲಿ ಸಾಮಾಜಿಕ ರಕ್ಷಣೆ ಎಂಬುದು ಮೂರೂ ಗುಂಪುಗಳನ್ನು ಒಳಗೊಂಡ ಹೆಸರು.

ವಿಶ್ವ ಬ್ಯಾಂಕ್ 2025ರ ಜೂನ್‌ನಲ್ಲಿ ಕಡುಬಡತನದ ರೇಖೆಯನ್ನು ದಿನಕ್ಕೆ ತಲಾ 2.15 ಡಾಲರ್‌ನಿಂದ 3 ಡಾಲರ್‌ಗೆ ಪರಿಷ್ಕರಿಸಿತು. ಈ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಸುಮಾರು 80 ಕೋಟಿ ಜನ ಕಡುಬಡವರು. ಆದರೆ ಈ 80 ಕೋಟಿ ವರ್ಷದಿಂದ ವರ್ಷಕ್ಕೆ ಅದೇ ಜನರಲ್ಲ. ಕೆಲವರು ರೇಖೆ ದಾಟಿ ಮೇಲೆ ಬರುತ್ತಿದ್ದರೆ ಇನ್ನು ಕೆಲವರು ಮೇಲಿನಿಂದ ಜಾರಿ ಬೀಳುತ್ತಿರುತ್ತಾರೆ. ರಾಜ್ಯಶಾಸ್ತ್ರಜ್ಞ ಅನಿರುದ್ಧ ಕೃಷ್ಣ ಅವರು ಭಾರತ, ಕೀನ್ಯಾ, ಉಗಾಂಡ, ಪೆರು ದೇಶಗಳ ಸಾವಿರಾರು ಕುಟುಂಬಗಳ ಕಥೆಯನ್ನು ಜಾಲಾಡಿದಾಗ, ಬಡತನಕ್ಕೆ ಜಾರಿದವರ ಹಿಂದೆ ಮತ್ತೆ ಮತ್ತೆ ಕಂಡದ್ದು ಕಾಯಿಲೆ ಮತ್ತು ಆಸ್ಪತ್ರೆಯ ಖರ್ಚು. ಅದರ ಜೊತೆಗೆ ಮದುವೆ, ತಿಥಿ ಮತ್ತು ಬಡ್ಡಿ ಸಾಲ. ಹೀಗೆ ಸಾಮಾಜಿಕ ರಕ್ಷಣೆಗೆ ಎರಡು ಕೆಲಸಗಳಿವೆ: ಬಿದ್ದವರನ್ನು ಎತ್ತುವುದು ಒಂದು, ಬೀಳುವವರನ್ನು ತಡೆಯುವುದು ಇನ್ನೊಂದು. ಎರಡನೆಯದು ಅಂಕಿಅಂಶಗಳಲ್ಲಿ ಸುಲಭವಾಗಿ ಕಾಣಿಸುವುದಿಲ್ಲ.

ಮೂಲ ಮತ್ತು ಬೆಳವಣಿಗೆ

ದಿಕ್ಕಿಲ್ಲದ ಮಕ್ಕಳು, ಮುದುಕರು ಮತ್ತು ಆಪತ್ತಿನಲ್ಲಿರುವವರನ್ನು ರಾಜ ಪೋಷಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಇಸ್ಲಾಮಿನ ಕಡ್ಡಾಯ ದಾನವಾದ ಜಕಾತ್, ಇಥಿಯೋಪಿಯದಲ್ಲಿ ಸಾವಿನ ಖರ್ಚಿಗೆಂದು ನೆರೆಹೊರೆಯವರು ಕೂಡಿಡುವ ‘ಇದ್ದಿರ್’, ಕರ್ನಾಟಕದ ಹಳ್ಳಿಗಳ ಮುಯ್ಯಿ, ಇವೆಲ್ಲ ಸಮುದಾಯದೊಳಗೇ ಬೆಳೆದ ಆಸರೆಗಳು. ಒಂದು ಮನೆಗೆ ಕಷ್ಟ ಬಂದಾಗ ಇವು ನೆರವಾಗುತ್ತವೆ. ಇಡೀ ಸೀಮೆಗೆ ಬರ ಬಿದ್ದಾಗ ಕೊಡುವ ಕೈಯೂ ಬರಿದಾಗುವುದರಿಂದ ಇವುಗಳ ಶಕ್ತಿ ಅಲ್ಲಿಗೇ ಮುಗಿಯುತ್ತದೆ.

ಸರ್ಕಾರಿ ವ್ಯವಸ್ಥೆಯ ಹಳೆಯ ಉದಾಹರಣೆ 1601ರ ಇಂಗ್ಲೆಂಡಿನ ಬಡವರ ಕಾಯ್ದೆ. ಪ್ರತಿ ಪ್ಯಾರಿಷ್, ಅಂದರೆ ಚರ್ಚಿನ ಸುತ್ತಲಿನ ಸ್ಥಳೀಯ ಘಟಕ, ತನ್ನ ವ್ಯಾಪ್ತಿಯಲ್ಲಿ ತೆರಿಗೆ ಎತ್ತಿ ತನ್ನ ಬಡವರನ್ನು ನೋಡಿಕೊಳ್ಳಬೇಕಿತ್ತು. 1834ರಲ್ಲಿ ಇದನ್ನು ಬಿಗಿಗೊಳಿಸಿ, ನೆರವು ಬೇಕಾದವರು ‘ವರ್ಕ್‌ಹೌಸ್’ ಸೇರಬೇಕೆಂದು ಮಾಡಲಾಯಿತು. ಹೊರಗಿನ ಅತಿ ಕೀಳು ಕೂಲಿಗಿಂತಲೂ ಒಳಗಿನ ಬದುಕು ಕಷ್ಟಕರವಾಗಿರಬೇಕು ಎಂಬುದೇ ಅದರ ಲಿಖಿತ ತತ್ವವಾಗಿತ್ತು. ನೆರವು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಅನುಮಾನಕ್ಕೆ ಆ ಕಾಲದಿಂದಲೂ ಆಯುಷ್ಯ ಗಟ್ಟಿಯಾಗಿದೆ.

ಆಧುನಿಕ ಸಾಮಾಜಿಕ ವಿಮೆ ಹುಟ್ಟಿದ್ದು ಜರ್ಮನಿಯಲ್ಲಿ. ಸಮಾಜವಾದಿಗಳ ಕಡೆಗೆ ವಾಲುತ್ತಿದ್ದ ಕಾರ್ಮಿಕರನ್ನು ಹಿಡಿದಿಡಲು ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಮತ್ತು ಅಶಕ್ತತೆಯ ವಿಮೆಯನ್ನು ತಂದ. ಪಿಂಚಣಿಯ ವಯಸ್ಸು 70. ಅಷ್ಟು ವರ್ಷ ಬದುಕುವ ಕಾರ್ಮಿಕರು ಆಗ ಕಡಿಮೆಯೇ ಇದ್ದರು. ವಂತಿಗೆಯ ಗೊಡವೆಯಿಲ್ಲದೆ ತೆರಿಗೆಯಿಂದಲೇ ಬಡ ವೃದ್ಧರಿಗೆ ಪಿಂಚಣಿ ಕೊಡುವ ಇನ್ನೊಂದು ದಾರಿಯನ್ನು 1891ರಲ್ಲಿ ಡೆನ್ಮಾರ್ಕ್, 1898ರಲ್ಲಿ ನ್ಯೂಜಿಲೆಂಡ್ ಹಿಡಿದವು. ಇಂದಿನ ಎಲ್ಲ ವ್ಯವಸ್ಥೆಗಳೂ ಈ ಎರಡು ದಾರಿಗಳ ಬೇರೆ ಬೇರೆ ಹದದ ಬೆರಕೆ.

ಅಮೆರಿಕ 1935ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ ಸಾಮಾಜಿಕ ಭದ್ರತಾ ಕಾಯ್ದೆ ಮಾಡಿತು. ಬ್ರಿಟನ್ನಿನಲ್ಲಿ 1942ರ ಬೆವರಿಜ್ ವರದಿ ಯುದ್ಧೋತ್ತರ ಕಲ್ಯಾಣ ರಾಜ್ಯದ ನಕ್ಷೆಯಾಯಿತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಸಾಮಾಜಿಕ ಭದ್ರತೆಯನ್ನು ಹಕ್ಕೆಂದು ಹೇಳಿತು. 1919ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) 1952ರ ತನ್ನ 102ನೇ ಒಡಂಬಡಿಕೆಯಲ್ಲಿ ವೈದ್ಯಕೀಯ ಆರೈಕೆ, ಕಾಯಿಲೆ, ನಿರುದ್ಯೋಗ, ಮುಪ್ಪು, ಕೆಲಸದ ವೇಳೆಯ ಗಾಯ, ಕುಟುಂಬ, ಹೆರಿಗೆ, ಅಶಕ್ತತೆ ಮತ್ತು ಬದುಕುಳಿದ ಅವಲಂಬಿತರು ಎಂಬ ಒಂಬತ್ತು ಶಾಖೆಗಳನ್ನು ಗೊತ್ತುಪಡಿಸಿತು.

ಈ ಚೌಕಟ್ಟು ತಿಂಗಳ ಸಂಬಳದವರಿಗೆ ಹೊಂದುವಂಥದ್ದು. ಸ್ವಾತಂತ್ರ್ಯ ಪಡೆದ ಏಷ್ಯಾ, ಆಫ್ರಿಕಾದ ದೇಶಗಳು ಇದನ್ನೇ ತಂದುಕೊಂಡಾಗ ಕಾರ್ಖಾನೆ ಮತ್ತು ಕಚೇರಿಯ ನೌಕರರು ಒಳಗೆ ಬಂದರು. ಹೊಲದ ಕೂಲಿ, ನೇಕಾರ, ಗಾರೆ ಕೆಲಸದವರು, ಮನೆಗೆಲಸದವರು ಹೊರಗೇ ಉಳಿದರು. ಭಾರತದ 1948ರ ಇಎಸ್‌ಐ ಕಾಯ್ದೆ ಮತ್ತು 1952ರ ಭವಿಷ್ಯ ನಿಧಿ ಕಾಯ್ದೆಗಳಿಗೂ ಇದೇ ಮಿತಿಯಿತ್ತು. ಇಂದಿಗೂ ಜಗತ್ತಿನ ದುಡಿಯುವ ಜನರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 200 ಕೋಟಿ ಮಂದಿ, ಅಸಂಘಟಿತ ವಲಯದವರು.

ತಿರುವು ಬಂದದ್ದು 1990ರ ದಶಕದಲ್ಲಿ, ಲ್ಯಾಟಿನ್ ಅಮೆರಿಕದಿಂದ. ವಂತಿಗೆ ಕಟ್ಟಲಾಗದವರಿಗೆ ತೆರಿಗೆಯಿಂದಲೇ ನಗದು ಕೊಡುವ ಯೋಜನೆಗಳು ಬ್ರೆಜಿಲ್ ಮತ್ತು ಮೆಕ್ಸಿಕೊದಿಂದ ಹೊರಟು ಹತ್ತಾರು ದೇಶಗಳನ್ನು ಮುಟ್ಟಿದವು. ಬಡ ದೇಶಗಳಿಂದ ಶ್ರೀಮಂತ ದೇಶಗಳ ಕಡೆಗೆ ಹರಿದ ಅಪರೂಪದ ಆಡಳಿತ ವಿದ್ಯೆ ಇದು: ನ್ಯೂಯಾರ್ಕ್ ನಗರ 2007ರಲ್ಲಿ ಮೆಕ್ಸಿಕೊದ ಮಾದರಿಯನ್ನು ಪ್ರಾಯೋಗಿಕವಾಗಿ ಅನುಸರಿಸಿತು. 2012ರಲ್ಲಿ ಐಎಲ್‌ಒ ತನ್ನ 202ನೇ ಶಿಫಾರಸಿನಲ್ಲಿ, ಪ್ರತಿ ದೇಶವೂ ಯಾರಿಗೂ ಕೊರತೆಯಾಗದ ಒಂದು ಕನಿಷ್ಠ ಮಟ್ಟವನ್ನು ಖಾತರಿಪಡಿಸಬೇಕೆಂದಿತು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 1.3ನೇ ಗುರಿಯಾಗಿ ಅದು ಜಾಗ ಪಡೆಯಿತು.

ರಚನೆ

ಯೋಜನೆಯ ಹೆಸರು ಏನೇ ಇರಲಿ, ಅದರ ಒಡಲಲ್ಲಿ ಫಲಾನುಭವಿಗಳ ಪಟ್ಟಿ, ಅರ್ಹತೆಯ ನಿಯಮ, ಹಣ ತಲುಪಿಸುವ ಜಾಲ, ದೂರು ಕೇಳುವ ವ್ಯವಸ್ಥೆ ಮತ್ತು ಇವೆಲ್ಲಕ್ಕೆ ಬೇಕಾದ ಹಣದ ಮೂಲ ಇರುತ್ತವೆ. ಬಡತನ ನಿವಾರಣೆಯ ದೃಷ್ಟಿಯಿಂದ ಇವುಗಳಲ್ಲಿ ಹೆಚ್ಚು ತೂಕದ್ದು ಪಟ್ಟಿ ಮತ್ತು ಜಾಲ.

ಬ್ರೆಜಿಲ್‌ನ ‘ಬೋಲ್ಸಾ ಫಮೀಲಿಯಾ’ ಇದನ್ನು ಚೆನ್ನಾಗಿ ತೋರಿಸುತ್ತದೆ. 2003ರಲ್ಲಿ ಅಧ್ಯಕ್ಷ ಲೂಲಾ ಸರ್ಕಾರ ಹಲವು ಚಿಲ್ಲರೆ ಯೋಜನೆಗಳನ್ನು ಒಂದುಗೂಡಿಸಿ ಇದನ್ನು ಆರಂಭಿಸಿತು. ಇದರ ಬುನಾದಿ 2001ರಿಂದ ಇರುವ ಏಕ ನೋಂದಣಿ ದಫ್ತರು, ‘ಕದಾಸ್ತ್ರೊ ಊನಿಕೊ’. ಕುಟುಂಬದವರು ಪುರಸಭೆಯ ಸಮಾಜ ನೆರವು ಕೇಂದ್ರಕ್ಕೆ ಹೋಗಿ ಮನೆಮಂದಿ, ವರಮಾನ, ಮನೆಯ ಸ್ಥಿತಿಯ ವಿವರ ಬರೆಸಬೇಕು. ಎರಡು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕು. ಪಟ್ಟಿ ಮಾಡುವುದು ಪುರಸಭೆ, ಹಣ ಒಕ್ಕೂಟ ಸರ್ಕಾರದ್ದು, ಬಟವಾಡೆ ಸರ್ಕಾರಿ ಬ್ಯಾಂಕಾದ ‘ಕೈಶಾ’ ಮೂಲಕ. ಕಾರ್ಡು ಸಾಮಾನ್ಯವಾಗಿ ಮನೆಯ ಹೆಂಗಸಿನ ಹೆಸರಿನಲ್ಲಿರುತ್ತದೆ. ತಿಂಗಳ ಕೊನೆಯ ಹತ್ತು ಕೆಲಸದ ದಿನಗಳಲ್ಲಿ ಯಾರಿಗೆ ಯಾವ ದಿನ ಹಣ ಎಂಬುದನ್ನು ನೋಂದಣಿ ಸಂಖ್ಯೆಯ ಕೊನೆಯ ಅಂಕಿ ನಿರ್ಧರಿಸುತ್ತದೆ: 1 ಇದ್ದವರಿಗೆ ಮೊದಲ ದಿನ, 0 ಇದ್ದವರಿಗೆ ಕೊನೆಯ ದಿನ. ವರ್ಷದ ಪಟ್ಟಿ ಮೊದಲೇ ಪ್ರಕಟವಾಗುವುದರಿಂದ ಅಂಗಡಿಯ ಉದ್ದರಿಯನ್ನು ಯಾವತ್ತು ತೀರಿಸಬಹುದೆಂದು ಮನೆಯವರಿಗೂ ಗೊತ್ತು, ಅಂಗಡಿಯವನಿಗೂ ಗೊತ್ತು.

2023ರಲ್ಲಿ ಮರುಜಾರಿಯಾದ ನಿಯಮಗಳ ಪ್ರಕಾರ ತಲಾ ತಿಂಗಳ ವರಮಾನ 218 ರಿಯಾಲ್ ಮೀರದ ಕುಟುಂಬಕ್ಕೆ ಕನಿಷ್ಠ 600 ರಿಯಾಲ್, ಏಳು ವರ್ಷ ತುಂಬದ ಪ್ರತಿ ಮಗುವಿಗೆ ಹೆಚ್ಚುವರಿಯಾಗಿ 150 ರಿಯಾಲ್ ದೊರೆಯುತ್ತದೆ. ಮಕ್ಕಳ ಶಾಲಾ ಹಾಜರಿ, ಲಸಿಕೆ, ಗರ್ಭಿಣಿಯರ ತಪಾಸಣೆ ಷರತ್ತುಗಳು.

ಹಣದ ಮೂಲದ ವಿಷಯದಲ್ಲಿ ದೇಶದೇಶಗಳ ನಡುವಿನ ಅಂತರ ಬಹಳ. ಐಎಲ್‌ಒದ 2024-26ರ ವರದಿಯ ಪ್ರಕಾರ, ಆರೋಗ್ಯವನ್ನು ಬಿಟ್ಟು ಲೆಕ್ಕ ಹಾಕಿದರೆ, ಶ್ರೀಮಂತ ದೇಶಗಳು ಒಟ್ಟು ದೇಶೀಯ ಉತ್ಪನ್ನದ ಶೇ 16.2ರಷ್ಟನ್ನು ಸಾಮಾಜಿಕ ರಕ್ಷಣೆಗೆ ಖರ್ಚು ಮಾಡುತ್ತವೆ. ಕಡಿಮೆ ವರಮಾನದ ದೇಶಗಳು ಶೇ 0.8ರಷ್ಟನ್ನು. ಬಡ ದೇಶಗಳಿಗೆ ಇದು ಸಾಧ್ಯವೇ ಇಲ್ಲ ಎಂಬ ಮಾತಿಗೆ ಲೆಸೋಥೊ ಒಂದು ಅಪವಾದ. ದಕ್ಷಿಣ ಆಫ್ರಿಕಾದ ಮಧ್ಯದಲ್ಲಿರುವ ಈ ಪುಟ್ಟ ಗುಡ್ಡಗಾಡು ರಾಜ್ಯ 2004ರಲ್ಲಿ ಹೊರಗಿನ ಸಾಲ ಅಥವಾ ದೇಣಿಗೆಯಿಲ್ಲದೆ, 70 ದಾಟಿದವರಿಗೆ ತಿಂಗಳಿಗೆ 150 ಮಲೋಟಿಯ ಪಿಂಚಣಿ ಆರಂಭಿಸಿ ನಡೆಸಿಕೊಂಡು ಬಂದಿದೆ.

ಪ್ರಕಾರಗಳು

ಷರತ್ತುಬದ್ಧ ನಗದು ವರ್ಗಾವಣೆ. ಮಗುವನ್ನು ಶಾಲೆಗೆ ಕಳಿಸಿದರೆ, ಲಸಿಕೆ ಹಾಕಿಸಿದರೆ ಹಣ ಎಂಬುದು ಇದರ ತಿರುಳು. ಮೆಕ್ಸಿಕೊದಲ್ಲಿ ಟೋರ್ಟಿಯಾ ರೊಟ್ಟಿಯ ಮೇಲಿನ ಸಬ್ಸಿಡಿ ಬಹುಪಾಲು ಪಟ್ಟಣದವರ ಪಾಲಾಗುತ್ತಿತ್ತು. ಅರ್ಥಶಾಸ್ತ್ರಜ್ಞ ಸ್ಯಾಂಟಿಯಾಗೊ ಲೆವಿ ಮತ್ತವರ ಸಂಗಡಿಗರು ಅದರ ಬದಲಿಗೆ ರೂಪಿಸಿದ ‘ಪ್ರೊಗ್ರೆಸಾ’ 1997ರಲ್ಲಿ ಸುಮಾರು 3 ಲಕ್ಷ ಗ್ರಾಮೀಣ ಕುಟುಂಬಗಳೊಂದಿಗೆ ಆರಂಭವಾಯಿತು. ಎರಡು ತಿಂಗಳಿಗೊಮ್ಮೆ ತಾಯಂದಿರ ಕೈಗೆ ಹಣ; ಮಗುವಿನ ಹಾಜರಿ ಶೇ 85 ಇರಬೇಕು; ತರಗತಿ ಮೇಲೇರಿದಂತೆ ಮೊತ್ತವೂ ಏರುತ್ತದೆ. ಪ್ರಾಥಮಿಕ ಶಾಲೆಯ ನಂತರ ಹೆಣ್ಣುಮಕ್ಕಳು ಹೆಚ್ಚಾಗಿ ಶಾಲೆ ಬಿಡುತ್ತಿದ್ದುದರಿಂದ ಮಾಧ್ಯಮಿಕ ಹಂತದಲ್ಲಿ ಅವರಿಗೆ ಗಂಡುಮಕ್ಕಳಿಗಿಂತ ಹೆಚ್ಚು ಹಣವಿತ್ತು. ಎಲ್ಲ ಹಳ್ಳಿಗಳಿಗೂ ಒಮ್ಮೆಗೇ ವಿಸ್ತರಿಸಲು ಹಣವಿಲ್ಲದ ಕಾರಣ 506 ಹಳ್ಳಿಗಳಲ್ಲಿ ಚೀಟಿ ಎತ್ತಿದ ರೀತಿಯಲ್ಲಿ 320ಕ್ಕೆ ಮೊದಲು, 186ಕ್ಕೆ ಆಮೇಲೆ ಎಂದು ಹಂಚಲಾಯಿತು. ಈ ಎರಡು ಗುಂಪುಗಳ ಹೋಲಿಕೆಯಿಂದ ದೊರೆತ ಪುರಾವೆಯೇ ಯೋಜನೆಯನ್ನು ಸರ್ಕಾರಗಳು ಬದಲಾದಾಗಲೂ ಉಳಿಸಿತು. ಹೆಸರು ಮಾತ್ರ 2002ರಲ್ಲಿ ‘ಒಪೋರ್ಚುನಿಡಾಡೆಸ್’, 2014ರಲ್ಲಿ ‘ಪ್ರಾಸ್ಪೆರಾ’ ಎಂದಾಯಿತು. 2019ರಲ್ಲಿ ಹೊಸ ಸರ್ಕಾರ ಅದನ್ನು ಕೊನೆಗೊಳಿಸಿ ವಿದ್ಯಾರ್ಥಿವೇತನ ಯೋಜನೆಗಳನ್ನು ತಂದಿತು. ಇಂಡೊನೇಷ್ಯಾ (2007), ಫಿಲಿಪೀನ್ಸ್ (2008) ಸೇರಿದಂತೆ ಅನೇಕ ದೇಶಗಳು ಈ ಮಾದರಿಯನ್ನು ಅನುಸರಿಸಿದವು.

ಪಿಂಚಣಿ ಮತ್ತು ಮಕ್ಕಳ ಭತ್ಯೆ. ದಕ್ಷಿಣ ಆಫ್ರಿಕಾದ ವೃದ್ಧಾಪ್ಯ ಪಿಂಚಣಿ 1928ರಲ್ಲಿ ಶುರುವಾದಾಗ ಕರಿಯರಿಗೆ ಅದರಲ್ಲಿ ಪಾಲಿರಲಿಲ್ಲ. 1944ರಲ್ಲಿ ಸೇರಿಸಿದರೂ ಮೊತ್ತ ಕಡಿಮೆಯಿತ್ತು. ವರ್ಣಭೇದ ಆಡಳಿತ ಮುಗಿಯುವ ಹೊತ್ತಿಗೆ, 1993ರಲ್ಲಿ, ಎಲ್ಲರಿಗೂ ಸಮನಾಯಿತು. ಅಲ್ಲಿನ ಮಕ್ಕಳ ಪೋಷಣಾ ಭತ್ಯೆ 1998ರಲ್ಲಿ ಏಳು ವರ್ಷದೊಳಗಿನವರಿಗೆ ತಿಂಗಳಿಗೆ 100 ರ‍್ಯಾಂಡ್ ಎಂದು ಆರಂಭವಾಗಿ, ಈಗ 18 ವರ್ಷದವರೆಗಿನ 1.3 ಕೋಟಿಯಷ್ಟು ಮಕ್ಕಳನ್ನು ತಲುಪುತ್ತಿದೆ. ನೇಪಾಳ 1995ರಲ್ಲಿ 75 ದಾಟಿದವರಿಗೆ ತಿಂಗಳಿಗೆ 100 ರೂಪಾಯಿ ಕೊಡುವುದರಿಂದ ತನ್ನ ಪಿಂಚಣಿಯನ್ನು ಆರಂಭಿಸಿತು.

ಕನಿಷ್ಠ ವರಮಾನದ ಖಾತರಿ. ಚೀನಾದ ‘ದಿಬಾವೊ’ ಮನೆಯ ವರಮಾನವನ್ನು ಸ್ಥಳೀಯ ರೇಖೆಯವರೆಗೆ ತುಂಬಿಕೊಡುತ್ತದೆ. 1999ರಲ್ಲಿ ಎಲ್ಲ ನಗರಗಳಿಗೆ, 2007ರಲ್ಲಿ ಗ್ರಾಮಗಳಿಗೆ ವಿಸ್ತರಿಸಿತು.

ಕೂಲಿ ಕಾಮಗಾರಿ. ಇಥಿಯೋಪಿಯದಲ್ಲಿ ಪ್ರತಿ ವರ್ಷ ಬರದ ಹೆಸರಿನಲ್ಲಿ ವಿದೇಶಿ ಧಾನ್ಯ ಬರುತ್ತಿತ್ತು, ಆದರೆ ತಡವಾಗಿ. ಅಷ್ಟರಲ್ಲಿ ರೈತ ಎತ್ತು ಮಾರಿರುತ್ತಿದ್ದ. ಮುಂದಿನ ವರ್ಷ ಮಳೆ ಬಂದರೂ ಉಳುವುದಕ್ಕೆ ಎತ್ತಿಲ್ಲ. ಈ ಸರಪಳಿ ಕಡಿಯಲು 2005ರಲ್ಲಿ ಆರಂಭವಾದ ಉತ್ಪಾದಕ ಸುರಕ್ಷತಾ ಜಾಲ ಯೋಜನೆಯಲ್ಲಿ ಹಸಿವಿನ ತಿಂಗಳುಗಳಿಗೆ ಮುಂಚಿತವಾಗಿಯೇ ಗೊತ್ತುಮಾಡಿದ ಕೂಲಿ ಇರುತ್ತದೆ, ನಗದಾಗಿ ಇಲ್ಲವೇ ಧಾನ್ಯವಾಗಿ. ಗುಡ್ಡಗಳಿಗೆ ಮೆಟ್ಟಿಲು ಬದು ಕಟ್ಟುವುದು, ಮೇಯಿಸಿ ಬೋಳಾದ ಇಳಿಜಾರುಗಳಿಗೆ ಬೇಲಿ ಹಾಕಿ ಗಿಡ ಬೆಳೆಸುವುದು ಮುಖ್ಯ ಕೆಲಸ. ದುಡಿಯುವ ಕೈಗಳಿಲ್ಲದ ಮನೆಗಳಿಗೆ ಕೆಲಸವಿಲ್ಲದೆಯೇ ನೆರವು ಸಿಗುತ್ತದೆ. ಆರಂಭದಲ್ಲಿ ಸುಮಾರು 50 ಲಕ್ಷ ಜನರಿದ್ದ ಈ ಯೋಜನೆ ನಂತರ 80 ಲಕ್ಷದ ಆಸುಪಾಸಿಗೆ ಬೆಳೆಯಿತು. ಇದರ ವೆಚ್ಚದ ದೊಡ್ಡ ಪಾಲನ್ನು ದಾನಿ ದೇಶಗಳು ಭರಿಸಿವೆ.

ಆಸ್ತಿ ಕೊಟ್ಟು ಮೇಲೆತ್ತುವ ಯೋಜನೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಕ್ರಮ ಇದು. ಕಿರುಸಾಲವೂ ಮುಟ್ಟದ ಕಡುಬಡ ಹೆಂಗಸರಿಗೆ ಹಸು, ಆಡು ಅಥವಾ ಸಣ್ಣ ಅಂಗಡಿಯ ಸರಕು, ಅದು ಫಲ ಕೊಡುವವರೆಗೆ ಹೊಟ್ಟೆಬಟ್ಟೆಗೆ ಭತ್ಯೆ, ತರಬೇತಿ, ವಾರವಾರ ಮನೆಗೆ ಬಂದು ವಿಚಾರಿಸುವ ಸಿಬ್ಬಂದಿ, ಉಳಿತಾಯ, ಇಷ್ಟನ್ನೂ ಸುಮಾರು ಎರಡು ವರ್ಷ ಒಟ್ಟಿಗೆ ಒದಗಿಸಲಾಗುತ್ತದೆ.

ಎಲ್ಲರಿಗೂ ಮೂಲ ವರಮಾನ. ಷರತ್ತೂ ಇಲ್ಲದೆ ಆಯ್ಕೆಯೂ ಇಲ್ಲದೆ ಎಲ್ಲರಿಗೂ ಹಣ ಕೊಡುವ ಈ ವಿಚಾರ ಹೆಚ್ಚಾಗಿ ಪ್ರಯೋಗದ ಮಟ್ಟದಲ್ಲೇ ಇದೆ. ಫಿನ್ಲೆಂಡ್ 2017-18ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೊ ಕೊಟ್ಟು ನೋಡಿತು. ಅಮೆರಿಕದ ಅಲಾಸ್ಕ ರಾಜ್ಯ ತೈಲದ ನಿಧಿಯಿಂದ 1982ರಿಂದಲೂ ನಿವಾಸಿಗಳಿಗೆಲ್ಲ ವರ್ಷಕ್ಕೊಮ್ಮೆ ಲಾಭಾಂಶ ಹಂಚುತ್ತಿದೆ.

ಭಾರತ ಮತ್ತು ಕರ್ನಾಟಕ

ಭಾರತದ ಉದ್ಯೋಗ ಖಾತರಿಯ ಬೇರು ಮಹಾರಾಷ್ಟ್ರದಲ್ಲಿದೆ. 1972ರ ಭೀಕರ ಬರದ ಹಿನ್ನೆಲೆಯಲ್ಲಿ ಬಲಗೊಂಡ ಅಲ್ಲಿನ ಯೋಜನೆ 1977ರಲ್ಲಿ ಕಾಯ್ದೆಯಾಯಿತು. ಅದೇ ವಿಚಾರವನ್ನು ದೇಶಕ್ಕೆ ವಿಸ್ತರಿಸಿದ 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ, 2006ರ ಫೆಬ್ರುವರಿ 2ರಂದು ಆಂಧ್ರದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಿಂದ ಜಾರಿಗೆ ಬಂತು. ಮೊದಲು 200 ಜಿಲ್ಲೆ, 2008ಕ್ಕೆ ಎಲ್ಲ ಗ್ರಾಮೀಣ ಜಿಲ್ಲೆಗಳು. ವರ್ಷಕ್ಕೆ ಪ್ರತಿ ಕುಟುಂಬಕ್ಕೆ 100 ದಿನ ಕೆಲಸ, ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ, ಕೆಲಸಗಾರರಲ್ಲಿ ಮೂರನೇ ಒಂದು ಪಾಲು ಹೆಂಗಸರು ಎಂಬುವು ಅದರ ಮುಖ್ಯ ಅಂಶಗಳಾಗಿದ್ದವು.

ಕರ್ನಾಟಕದ ಗ್ರಾಮ ಪಂಚಾಯಿತಿಯೊಂದರಲ್ಲಿ ಇದು ನಡೆದುಬಂದ ಬಗೆ ಹೀಗೆ: ಜಾಬ್ ಕಾರ್ಡ್ ಇದ್ದವರು ನಮೂನೆ-6 ತುಂಬಿ ಕೆಲಸ ಕೇಳುತ್ತಾರೆ. ಪಂಚಾಯಿತಿ ಹಾಜರಿ ಪಟ್ಟಿ, ಅಂದರೆ ಎನ್‌ಎಂಆರ್ ತೆಗೆಯುತ್ತದೆ. ಬದು, ಕೃಷಿ ಹೊಂಡ, ಕೆರೆ ಹೂಳೆತ್ತುವ ಕಾಮಗಾರಿಯ ಜಾಗದಲ್ಲಿ ‘ಕಾಯಕ ಬಂಧು’ ಎನ್ನುವ ಮೇಟಿ ಹಾಜರಿ ಹಾಕಿ, ದಿನಕ್ಕೆರಡು ಬಾರಿ ಕೂಲಿಕಾರರ ಫೋಟೊವನ್ನು ಆ್ಯಪ್‌ಗೆ ಏರಿಸಬೇಕು. 2023ರ ಜನವರಿಯಿಂದ ಇದು ಕಡ್ಡಾಯ. ಎಂಜಿನಿಯರ್ ಅಗೆದ ಮಣ್ಣಿನ ಅಳತೆ ತೆಗೆದ ಮೇಲೆ ಕೂಲಿ ಗೊತ್ತಾಗುತ್ತದೆ, 15 ದಿನದೊಳಗೆ ಆಧಾರ್ ಜೋಡಣೆಯಾದ ಖಾತೆಗೆ ಬರಬೇಕು. 2025-26ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೆಟ್‌ವರ್ಕ್ ಸಿಗದ ಗುಡ್ಡದಲ್ಲಿ ಫೋಟೊ ಏರದೆ ಹೋದರೆ ದುಡಿದ ದಿನವೂ ಹಾಜರಿಯಿಂದ ಬಿಟ್ಟುಹೋಗಬಹುದು. ಕೂಲಿ ಬರುವುದು ತಿಂಗಳುಗಟ್ಟಲೆ ತಡವಾದರೆ, ಉತ್ತರ ಕರ್ನಾಟಕದ ಒಣ ತಾಲ್ಲೂಕುಗಳಲ್ಲಿ ಗುಳೆ ಹೋಗುವವರಿಗೆ ಊರಲ್ಲೇ ನಿಲ್ಲಲು ಕಾರಣ ಉಳಿಯುವುದಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ 125 ದಿನಗಳ ಕೆಲಸದ ಖಾತರಿಯಿರುವ ಹೊಸ ಕಾಯ್ದೆಯನ್ನು ಅಂಗೀಕರಿಸಿತು.

ಆಹಾರದ ವಿಷಯದಲ್ಲಿ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮೀಣರಲ್ಲಿ ಶೇ 75ರವರೆಗೆ, ನಗರವಾಸಿಗಳಲ್ಲಿ ಶೇ 50ರವರೆಗೆ ತಲಾ 5 ಕೆ.ಜಿ. ಧಾನ್ಯದ ಹಕ್ಕು ನೀಡಿದೆ. ಅಂತ್ಯೋದಯ ಕುಟುಂಬಗಳಿಗೆ 35 ಕೆ.ಜಿ. ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಆರಂಭವಾಯಿತು. 2023ರಲ್ಲಿ ರಾಜ್ಯ ತಲಾ 5 ಕೆ.ಜಿ. ಹೆಚ್ಚುವರಿ ಅಕ್ಕಿ ಕೊಡಲು ಹೊರಟಾಗ ಕೇಂದ್ರದ ದಾಸ್ತಾನಿನಿಂದ ಅಕ್ಕಿ ಸಿಗದೆ, ಕೆ.ಜಿ.ಗೆ 34 ರೂಪಾಯಿಯ ಲೆಕ್ಕದಲ್ಲಿ ತಲಾ 170 ರೂಪಾಯಿಯನ್ನು ಖಾತೆಗೆ ಹಾಕಲಾಯಿತು. 2025ರಲ್ಲಿ ಅಕ್ಕಿ ದೊರೆತ ಮೇಲೆ ನಗದು ನಿಲ್ಲಿಸಿ ಮತ್ತೆ ಧಾನ್ಯವನ್ನೇ ಕೊಡಲಾಯಿತು. ನಗದೋ ಧಾನ್ಯವೋ ಎಂಬ ಜಾಗತಿಕ ಚರ್ಚೆ ಒಂದೇ ರಾಜ್ಯದೊಳಗೆ ಎರಡು ವರ್ಷದಲ್ಲಿ ಎರಡೂ ಕಡೆ ತಿರುಗಿದ ಉದಾಹರಣೆ ಇದು.

1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಲ್ಲಿ ವೃದ್ಧಾಪ್ಯ ವೇತನಕ್ಕೆ ಕೇಂದ್ರದ ಪಾಲು 60ರಿಂದ 79 ವಯಸ್ಸಿನವರಿಗೆ 200 ರೂಪಾಯಿಯಲ್ಲೇ ನಿಂತಿದೆ. ಬೆಲೆಗಳು ಏರಿದಂತೆ ಅದರ ಕೊಳ್ಳುವ ಶಕ್ತಿ ಕರಗಿದ್ದು, ಉಳಿದದ್ದನ್ನು ರಾಜ್ಯಗಳೇ ತುಂಬಬೇಕಾಗಿದೆ; ಕರ್ನಾಟಕದ ಸಂಧ್ಯಾ ಸುರಕ್ಷಾ (2007) ಅಂಥ ಒಂದು ಯೋಜನೆ. ಸಹಕಾರ ಸಂಘಗಳ ಸದಸ್ಯರಾದ ರೈತರಿಂದ ಸಣ್ಣ ವಂತಿಗೆ ಪಡೆದು ಶಸ್ತ್ರಚಿಕಿತ್ಸೆಯ ಖರ್ಚು ಭರಿಸುವ ಯಶಸ್ವಿನಿ (2003), ಅಸಂಘಟಿತರಿಗೂ ವಿಮೆ ನಡೆಸಬಹುದೆಂಬುದಕ್ಕೆ ಉದಾಹರಣೆಯಾಗಿ ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ಉಲ್ಲೇಖವಾಗುತ್ತ ಬಂದಿದೆ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಒಂದು ಕೋಟಿಗೂ ಹೆಚ್ಚು ಮಹಿಳೆಯರು ಇದರ ಫಲಾನುಭವಿಗಳು. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಪಾವತಿಸುವ ಕುಟುಂಬಗಳಿಗೆ ಇದು ಅನ್ವಯಿಸದು. ಕಂತು ತಡವಾದಾಗ ‘ಗೃಹಲಕ್ಷ್ಮಿ ದುಡ್ಡು ಬಂತಾ?’ ಎಂಬ ಪ್ರಶ್ನೆ ಊರೂರಲ್ಲಿ ಕೇಳಿಬರುತ್ತದೆ.

ಬಡತನದ ಮೇಲಿನ ಪರಿಣಾಮ

ಪ್ರೊಗ್ರೆಸಾದ ಹಳ್ಳಿಗಳಲ್ಲಿ ಮಾಧ್ಯಮಿಕ ಶಾಲೆ ಸೇರುವವರ ಸಂಖ್ಯೆ, ವಿಶೇಷವಾಗಿ ಹೆಣ್ಣುಮಕ್ಕಳದ್ದು, ಹೆಚ್ಚಿತು. 2013ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಬೋಲ್ಸಾ ಫಮೀಲಿಯಾ ವ್ಯಾಪಕವಾಗಿದ್ದ ಪುರಸಭೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಮರಣ ಶೇ 17ರಷ್ಟು ತಗ್ಗಿದ್ದನ್ನು ಗುರುತಿಸಿತು. ಅಪೌಷ್ಟಿಕತೆ ಮತ್ತು ಭೇದಿಯಿಂದಾಗುವ ಸಾವುಗಳಲ್ಲಿ ಇಳಿಕೆ ಇನ್ನೂ ಹೆಚ್ಚು. ಹಣ ಯಾರ ಕೈಗೆ ಸೇರುತ್ತದೆ ಎಂಬುದೂ ಫಲವನ್ನು ಬದಲಿಸುತ್ತದೆ. ದಕ್ಷಿಣ ಆಫ್ರಿಕಾದ ಪಿಂಚಣಿಯನ್ನು ಕುರಿತ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅವರ 2003ರ ಅಧ್ಯಯನದಲ್ಲಿ, ಅಜ್ಜಿಗೆ ಪಿಂಚಣಿ ಬರುವ ಮನೆಯ ಹೆಣ್ಣುಮಕ್ಕಳ ತೂಕ ಮತ್ತು ಎತ್ತರ ಸುಧಾರಿಸಿದ್ದವು. ಅಜ್ಜನಿಗೆ ಪಿಂಚಣಿ ಬರುವಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ನಗದು ಕೊಟ್ಟರೆ ದುಡಿಯುವುದನ್ನು ಬಿಡುತ್ತಾರೆಯೇ? ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ಸರ್ಕಾರಿ ಯೋಜನೆಗಳ ದತ್ತಾಂಶವನ್ನು ಒಟ್ಟಿಗೆ ಪರಿಶೀಲಿಸಿ, ಅದಕ್ಕೆ ಪುರಾವೆಯಿಲ್ಲವೆಂದು 2017ರಲ್ಲಿ ವರದಿ ಮಾಡಿದರು. ಪಶ್ಚಿಮ ಕೀನ್ಯಾದ 653 ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ 10,500 ಬಡ ಕುಟುಂಬಗಳಿಗೆ ತಲಾ ಸುಮಾರು 1,000 ಡಾಲರ್ ಕೊಡಲಾಗಿತ್ತು. ಹಣ ಪಡೆದವರ ಖರ್ಚು ಅಂಗಡಿ, ಬಡಗಿ, ಗಿರಣಿಗಳ ವಹಿವಾಟು ಹೆಚ್ಚಿಸಿ, ಪ್ರತಿ ಡಾಲರಿಗೆ ಸ್ಥಳೀಯ ಆರ್ಥಿಕತೆಯಲ್ಲಿ ಸುಮಾರು ಎರಡೂವರೆ ಡಾಲರಿನಷ್ಟು ಚಟುವಟಿಕೆ ಹುಟ್ಟಿತು. ಬೆಲೆಗಳು ಏರಿದ್ದು ತೀರಾ ಅಲ್ಪ. ಬ್ರಾಕ್ ಮಾದರಿಯನ್ನು ಇಥಿಯೋಪಿಯ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರುಗಳಲ್ಲಿ ಪರೀಕ್ಷಿಸಿದ 2015ರ ಅಧ್ಯಯನದ ಪ್ರಕಾರ, ನೆರವು ನಿಂತು ವರ್ಷ ಕಳೆದ ಮೇಲೂ ಕುಟುಂಬಗಳ ಅನುಭೋಗ ಮೇಲ್ಮಟ್ಟದಲ್ಲೇ ಇತ್ತು.

ಮಿತಿಗಳೂ ದಾಖಲಾಗಿವೆ. ಶಾಲೆಗೆ ಮಕ್ಕಳು ಬಂದರೂ ಕಲಿಕೆಯ ಮಟ್ಟ ಅದೇ ಪ್ರಮಾಣದಲ್ಲಿ ಏರಲಿಲ್ಲ. ಮೇಷ್ಟ್ರ ಕೊರತೆಯನ್ನು ನಗದು ನೀಗಿಸದು.

ಆಯ್ಕೆ ಮತ್ತು ವಿತರಣೆಯ ಸಮಸ್ಯೆಗಳು

ಅಸಂಘಟಿತ ವಲಯದ ವರಮಾನಕ್ಕೆ ರಸೀದಿಯಿಲ್ಲ. ಆದ್ದರಿಂದ ಅನೇಕ ದೇಶಗಳು ಗೋಡೆ, ಚಾವಣಿ, ದ್ವಿಚಕ್ರ ವಾಹನ, ಮಕ್ಕಳ ಸಂಖ್ಯೆ ಮುಂತಾದವಕ್ಕೆ ಅಂಕ ಕೊಟ್ಟು ಬಡತನವನ್ನು ಅಂದಾಜು ಮಾಡುತ್ತವೆ. ಇದರಲ್ಲಿ ಅರ್ಹರು ಹೊರಗುಳಿಯುವ ಮತ್ತು ಅನರ್ಹರು ಒಳನುಗ್ಗುವ ಎರಡು ಬಗೆಯ ದೋಷಗಳಿವೆ. ಅನರ್ಹರ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಹೊರಗುಳಿದವರದು ಸಾಮಾನ್ಯವಾಗಿ ಬರುವುದಿಲ್ಲ. ಇಂಡೊನೇಷ್ಯಾದ 640 ಹಳ್ಳಿ-ಬಡಾವಣೆಗಳಲ್ಲಿ ಅಂಕಪಟ್ಟಿಯ ವಿಧಾನವನ್ನೂ, ಊರವರೇ ಸಭೆ ಸೇರಿ ಬಡವರನ್ನು ಗುರುತಿಸುವ ವಿಧಾನವನ್ನೂ ಹೋಲಿಸಿ ನೋಡಲಾಯಿತು. ಖರ್ಚಿನ ಲೆಕ್ಕದಲ್ಲಿ ಅಂಕಪಟ್ಟಿ ತುಸು ನಿಖರವಾಗಿತ್ತು. ಆದರೆ ಊರವರಿಗೆ ಹೆಚ್ಚು ಒಪ್ಪಿಗೆಯಾದದ್ದು ಸಭೆ ಮಾಡಿದ ಪಟ್ಟಿ. ಎಲ್ಲರಿಗೂ ಕೊಟ್ಟರೆ ಈ ತಕರಾರೇ ಇರದು, ಆದರೆ ಹಣ ಹೆಚ್ಚು ಬೇಕು ಅಥವಾ ತಲಾ ಮೊತ್ತ ಇಳಿಯಬೇಕು. ವಯಸ್ಸನ್ನು ಮಾತ್ರ ನೋಡುವ ಪಿಂಚಣಿ ಮತ್ತು ಮಕ್ಕಳ ಭತ್ಯೆಗಳು ಇವೆರಡರ ನಡುವಿನ ದಾರಿ.

ತಂತ್ರಜ್ಞಾನದ ಫಲಿತಾಂಶ ಒಂದೇ ತೆರನಾಗಿಲ್ಲ. ಹಿಂದಿನ ಆಂಧ್ರ ಪ್ರದೇಶದ 157 ಮಂಡಲಗಳಲ್ಲಿ, 1.9 ಕೋಟಿ ಜನರ ವ್ಯಾಪ್ತಿಯಲ್ಲಿ ನಡೆದ ಅಧ್ಯಯನದಲ್ಲಿ ಬೆರಳಚ್ಚಿನ ಸ್ಮಾರ್ಟ್ ಕಾರ್ಡ್‌ನಿಂದ ಕೂಲಿ ಬೇಗ ತಲುಪಿತು, ಸೋರಿಕೆಯೂ ತಗ್ಗಿತು. ಆದರೆ ಜಾರ್ಖಂಡ್‌ನಲ್ಲಿ ಪಡಿತರಕ್ಕೆ ಆಧಾರ್ ದೃಢೀಕರಣ ಕಡ್ಡಾಯ ಮಾಡಿದಾಗ, ಬರಿಯ ದೃಢೀಕರಣದಿಂದ ಸೋರಿಕೆ ಇಳಿಯಲಿಲ್ಲ, ಆಧಾರ್ ಜೋಡಣೆಯಾಗದಿದ್ದವರಿಗೆ ಸಿಗುವ ಧಾನ್ಯ ಕಡಿಮೆಯಾಯಿತು. ಬೆರಳಚ್ಚು ಸವೆದ ಕೂಲಿಕಾರರು ಮತ್ತು ವೃದ್ಧರು ಪದೇಪದೇ ಯಂತ್ರದ ಮುಂದೆ ನಿಲ್ಲಬೇಕಾಗುತ್ತದೆ.

ಇಂದಿನ ಸ್ಥಿತಿ

ಕೋವಿಡ್ ಕಾಲದಲ್ಲಿ 200ಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳು ಯಾವುದಾದರೊಂದು ಬಗೆಯ ನೆರವು ಘೋಷಿಸಿದವು. ಪಶ್ಚಿಮ ಆಫ್ರಿಕಾದ ಟೋಗೊ 2020ರಲ್ಲಿ ‘ನೊವಿಸಿ’ ಎಂಬ ಯೋಜನೆಯಲ್ಲಿ ಮೊಬೈಲ್ ಫೋನ್ ಮೂಲಕವೇ ನೋಂದಣಿ ಮತ್ತು ಪಾವತಿ ನಡೆಸಿತು. ಮುಂದೆ ಉಪಗ್ರಹ ಚಿತ್ರ ಮತ್ತು ಫೋನ್ ಬಳಕೆಯ ಮಾಹಿತಿಯಿಂದ ಬಡವರನ್ನು ಅಂದಾಜು ಮಾಡಿತು. ಅಮೆರಿಕದ ಅನುಭವ ಇನ್ನೊಂದು ಬಗೆಯದು. 2021ರಲ್ಲಿ ಮಕ್ಕಳ ತೆರಿಗೆ ವಿನಾಯಿತಿಯನ್ನು ವಿಸ್ತರಿಸಿ, ಅದರ ಅರ್ಧ ಭಾಗವನ್ನು ತಿಂಗಳ ಕಂತಾಗಿ ಪಾಲಕರಿಗೆ ನೀಡಲಾಯಿತು. ಪೂರಕ ಬಡತನ ಮಾಪನದ ಪ್ರಕಾರ ಮಕ್ಕಳ ಬಡತನ ಶೇ 5.2ಕ್ಕೆ ಇಳಿಯಿತು. ಸಂಸತ್ತು ಅದನ್ನು ಮುಂದುವರಿಸಲಿಲ್ಲ, 2022ರಲ್ಲಿ ಮಕ್ಕಳ ಬಡತನ ಶೇ 12.4ಕ್ಕೆ ಏರಿತು.

ಐಎಲ್‌ಒ ಪ್ರಕಾರ 2015ರಲ್ಲಿ ಜಗತ್ತಿನ ಶೇ 42.8ರಷ್ಟು ಜನರಿಗೆ ಕನಿಷ್ಠ ಒಂದು ಬಗೆಯ ಸಾಮಾಜಿಕ ರಕ್ಷಣೆ ಇತ್ತು. 2023ರಲ್ಲಿ ಅದು ಶೇ 52.4ಕ್ಕೆ ಏರಿ ಮೊದಲ ಬಾರಿಗೆ ಅರ್ಧವನ್ನು ದಾಟಿತು. ಉಳಿದ 380 ಕೋಟಿ ಜನರಿಗೆ ಏನೂ ಇಲ್ಲ. ಕಡಿಮೆ ವರಮಾನದ ದೇಶಗಳಲ್ಲಿ ಈ ಪ್ರಮಾಣ ಶೇ 9.7 ಮಾತ್ರ, ಬಡತನ ಹೆಚ್ಚಿರುವಲ್ಲೇ ರಕ್ಷಣೆ ತೆಳು. ಭಾರತದ ಪ್ರಮಾಣ 2015ರ ಶೇ 19ರಿಂದ 2025ಕ್ಕೆ ಶೇ 64.3ಕ್ಕೆ ಏರಿದೆ ಎಂಬುದು ಐಎಲ್‌ಒ ದತ್ತಾಂಶವನ್ನು ಆಧರಿಸಿದ ಕೇಂದ್ರ ಸರ್ಕಾರದ ಹೇಳಿಕೆ. ಈ ಅಂಕಿ ಎಷ್ಟು ಜನರಿಗೆ ಏನಾದರೂ ಸಿಗುತ್ತದೆ ಎಂಬುದನ್ನು ತಿಳಿಸುತ್ತದೆ, ಸಿಗುವುದು ಸಾಲುತ್ತದೆಯೇ ಎಂಬುದನ್ನಲ್ಲ. 2024ರಲ್ಲಿ ಬ್ರೆಜಿಲ್ ಅಧ್ಯಕ್ಷತೆಯ ಜಿ20 ಶೃಂಗಸಭೆಯಲ್ಲಿ ಹಸಿವು ಮತ್ತು ಬಡತನದ ವಿರುದ್ಧ ಜಾಗತಿಕ ಮೈತ್ರಿಕೂಟ ಆರಂಭವಾಯಿತು. ಮರುವರ್ಷವೇ ಅಮೆರಿಕ ತನ್ನ ನೆರವು ಸಂಸ್ಥೆ ಯುಎಸ್‌ಏಡ್ ಅನ್ನು ಮುಚ್ಚಿದ್ದರಿಂದ ದಾನಿಗಳನ್ನು ನೆಚ್ಚಿದ ಯೋಜನೆಗಳು ಇಕ್ಕಟ್ಟಿಗೆ ಸಿಲುಕಿದವು.

ಹೊಸ ಪ್ರಯತ್ನಗಳಲ್ಲಿ ಎರಡು ಗಮನಾರ್ಹ. ಕೀನ್ಯಾದ ಹಸಿವು ಸುರಕ್ಷತಾ ಜಾಲ ಯೋಜನೆ ತುರ್ಕಾನಾ, ಮರ್ಸಬಿತ್, ಮಂಡೇರಾ, ವಜೀರ್ ಎಂಬ ಉತ್ತರದ ಒಣ ಜಿಲ್ಲೆಗಳಲ್ಲಿ ಹುಲ್ಲುಗಾವಲಿನ ಹಸಿರನ್ನು ಉಪಗ್ರಹದಿಂದ ಅಳೆಯುತ್ತದೆ. ಹಸಿರು ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದರೆ, ಮಾಮೂಲಿ ಪಟ್ಟಿಯಲ್ಲಿಲ್ಲದ ಕುಟುಂಬಗಳ ಖಾತೆಗೂ ತುರ್ತು ಹಣ ಹೋಗುತ್ತದೆ. ದನಕರುಗಳನ್ನು ಅಗ್ಗಕ್ಕೆ ಮಾರುವ ಮೊದಲೇ ಅದು ಕೈಸೇರಬೇಕೆಂಬುದು ಉದ್ದೇಶ.

ಇನ್ನೊಂದು, ಮಾಲೀಕ ಯಾರೆಂದೇ ಗೊತ್ತಾಗದ ಆ್ಯಪ್ ಆಧಾರಿತ ಕೆಲಸಗಾರರಿಗೆ ಸಂಬಂಧಿಸಿದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಭಾರತದ ಸಾಮಾಜಿಕ ಭದ್ರತಾ ಸಂಹಿತೆ, ಇಂಥ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು ನಿಧಿಗೆ ಕಟ್ಟಬೇಕೆನ್ನುತ್ತದೆ. ಅದೇ ವರ್ಷ ಕರ್ನಾಟಕ ಮಾಡಿದ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಪ್ರತಿ ಡೆಲಿವರಿ ಅಥವಾ ಪ್ರಯಾಣಕ್ಕೆ ಕೆಲಸಗಾರರಿಗೆ ಸಂದಾಯವಾಗುವ ಹಣದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ವಸೂಲು ಮಾಡಿ, ಅವರಿಗಾಗಿಯೇ ರಚಿಸಿದ ಮಂಡಳಿಯ ನಿಧಿಗೆ ಸೇರಿಸಲಾಗುತ್ತದೆ.